ಗಾಡಿ ಎದ್ದಿತು, ಬ್ರೇಕು ಏಳಲಿಲ್ಲ

ಟೊಮೆಟೊ ಸುಗ್ಗಿ ಜೋರಾಗಿರುವಾಗ ಕೋಲಾರದ ಎಪಿಎಂಸಿ ಸುತ್ತಮುತ್ತಲ ರಸ್ತೆಯಲ್ಲಿ ನಿಂತು ನೋಡಿ. ಎರಡು ಬಗೆಯ ಪಿಕಪ್ ಗಾಡಿಗಳು ಕಾಣುತ್ತವೆ. ಒಂದು, ಬಾಕ್ಸುಗಳ ಭಾರಕ್ಕೆ ಹಿಂಭಾಗ ಕುಸಿದು, ಮೂತಿ ಮೇಲೆತ್ತಿಕೊಂಡು ತೆವಳುವಂಥದ್ದು. ಇನ್ನೊಂದು, ಅಷ್ಟೇ ಭಾರ ಹೊತ್ತಿದ್ದರೂ ಏನೂ ಆಗಿಲ್ಲವೆಂಬಂತೆ ಮಟ್ಟಸವಾಗಿ ಸಾಗುವಂಥದ್ದು. ಖಾಲಿಯಾಗಿ ಊರಿಗೆ ಮರಳುವಾಗ ಮಾತ್ರ ಇದರ ಹಿಂಭಾಗ ಗೇಣುದ್ದ ಮೇಲೆದ್ದಿರುತ್ತದೆ. ಜನ ಎರಡನೆಯದನ್ನೇ ಗಟ್ಟಿ ಗಾಡಿ ಎನ್ನುತ್ತಾರೆ. ನನ್ನನ್ನು ಕೇಳಿದರೆ ಹೆಚ್ಚು ಹೆದರಬೇಕಾದದ್ದೂ ಅದಕ್ಕೇ. ಮೊದಲನೆಯ ಗಾಡಿ ತನಗೆ ಭಾರ ಹೆಚ್ಚಾಗಿದೆ ಎಂದು ಊರಿಗೆಲ್ಲ ಕೇಳುವಂತೆ ಹೇಳುತ್ತಿದೆ. ಎರಡನೆಯದರ ಬಾಯಿ ಕಟ್ಟಿದ್ದಾರೆ, ಅಷ್ಟೆ.

ಈ ಬಾಯಿ ಕಟ್ಟುವ ಕೆಲಸಕ್ಕೆ ದೊಡ್ಡ ಕಾರ್ಖಾನೆ ಬೇಡ. ಹೆದ್ದಾರಿ ಬದಿಯ ಒಂದು ತಗಡಿನ ಶೆಡ್ಡು, ವೆಲ್ಡಿಂಗ್ ಮಷಿನ್, ಎರಡು ಜಾಕ್ ಇದ್ದರೆ ಆಯಿತು. ‘ಮೇಸ್ತ್ರಿ, ಗಾಡಿ ಹಿಂದೆ ಕೂತ್ಬಿಟ್ಟಿದೆ, ಏನಾದ್ರೂ ಮಾಡಿ’ ಎಂದರೆ, ‘ಎರಡು ಪ್ಲೇಟ್ ಏರಿಸ್ತೀನಿ ಬಿಡಣ್ಣ, ಸಂಜೆಗೆ ತಗೊಂಡ್ಹೋಗು’ ಎಂಬ ಉತ್ತರ ಸಿದ್ಧ. ಇದೊಂದು ಬಗೆ. ಆಕ್ಸಲ್‌ಗೂ ಪ್ಲೇಟ್ ಕಟ್ಟಿಗೂ ನಡುವೆ ಕಬ್ಬಿಣದ ಬ್ಲಾಕ್ ತೂರಿಸುವುದು, ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್ ಬಿಚ್ಚಿ ಉದ್ದನೆಯದನ್ನು ಕತ್ತರಿಸಿ ಹಾಕುವುದು, ಚಪ್ಪಟೆಯಾದ ಪ್ಲೇಟನ್ನು ಕಾಯಿಸಿ ಬಡಿದು ಮತ್ತೆ ಬಾಗಿಸುವುದು, ಕಾಯಿಲ್ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ಸಿಕ್ಕಿಸುವುದು ಇವೆಲ್ಲ ಉಳಿದ ಬಗೆಗಳು. ಮಾಡಿಸುವವರಿಗೂ ಕಾರಣವಿಲ್ಲದಿಲ್ಲ. ಎಸ್ಟೇಟ್ ದಾರಿಯ ಕೊರಕಲಿನಲ್ಲಿ ಗಾಡಿಯ ಹೊಟ್ಟೆ ಬಂಡೆಗೆ ಉಜ್ಜುತ್ತದೆ, ಊರ ರಸ್ತೆಯ ಗುಂಡಿಗಳಿಗೆ ಲೆಕ್ಕವಿಲ್ಲ, ಒಂದೇ ಟ್ರಿಪ್ಪಿನಲ್ಲಿ ಇನ್ನಿಪ್ಪತ್ತು ಬಾಕ್ಸ್ ಹೋದರೆ ಕಂತು ಕಟ್ಟುವ ದಾರಿ ಸಲೀಸು. ಆದರೆ ಎತ್ತರ ಹೆಚ್ಚಿಸಿದ ಮಾತ್ರಕ್ಕೆ ಹೊರುವ ಶಕ್ತಿ ಹೆಚ್ಚುವುದಿಲ್ಲ. ಇದು ಅರ್ಥವಾಗಬೇಕಾದರೆ ಗಾಡಿಯ ಕೆಳಗೊಮ್ಮೆ ಬಗ್ಗಿ ನೋಡಬೇಕು.

ಹೆಚ್ಚಿನ ಪಿಕಪ್‌ಗಳ ಹಿಂಭಾಗವನ್ನು ಹೊತ್ತಿರುವುದು ಪ್ಲೇಟುಗಳ ಕಟ್ಟು. ಎಲ್ಲಕ್ಕಿಂತ ಮೇಲಿನ ಉದ್ದನೆಯದು ಮೈನ್ ಪ್ಲೇಟ್. ಅದರ ಎರಡೂ ತುದಿಯ ಕಿವಿಗಳು ಚಾಸಿಗೆ ಸಿಕ್ಕಿರುತ್ತವೆ. ಕೆಳಗೆ ಒಂದಕ್ಕಿಂತ ಒಂದು ಗಿಡ್ಡನೆಯ ಪ್ಲೇಟುಗಳು. ನಡುವೆ ತೂತು ಕೊರೆದು ಒಂದು ಸೆಂಟರ್ ಬೋಲ್ಟ್, ಇಡೀ ಕಟ್ಟನ್ನು ಆಕ್ಸಲ್‌ಗೆ ಬಿಗಿಯಲು ಎರಡು ಯು-ಬೋಲ್ಟ್. ಇವುಗಳ ದಪ್ಪ, ಬಾಗು, ಸಂಖ್ಯೆ ಯಾವುದೂ ಅಂದಾಜಿನದಲ್ಲ. ಪ್ಲೇಟಿನ ಬಿಗಿ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 8 ಮಿ.ಮೀ. ಪ್ಲೇಟುಗಳ ನಡುವೆ ಗುಜರಿಯಿಂದ ತಂದ 10 ಮಿ.ಮೀ. ಪ್ಲೇಟ್ ಸೇರಿಸಿದರೆ, ಆ ಒಂದರ ಬಿಗಿಯೇ ಅದೇ ಉದ್ದದ ಎರಡು ಪ್ಲೇಟುಗಳ ಬಿಗಿಗೆ ಹತ್ತಿರ ಹತ್ತಿರ ಸಮ. ಎಲ್ಲವೂ ಒಟ್ಟಿಗೆ ಬಾಗುವಾಗ ದಪ್ಪನೆಯದರ ಮೇಲ್ಮೈಯಲ್ಲಿ ಸೆಳೆತ ಕಾಲು ಭಾಗ ಜಾಸ್ತಿ. ಹಾಗಾಗಿ ಗಟ್ಟಿಯೆಂದು ಹಾಕಿಸಿದ್ದೇ ಮೊದಲು ಬಿರುಕು ಬಿಡುತ್ತದೆ, ಅದೂ ಬಹಳ ಸಲ ಸೆಂಟರ್ ಬೋಲ್ಟ್ ತೂತಿನ ಬಳಿ, ಕಣ್ಣಿಗೆ ಕಾಣದ ಕಡೆ.

ಕಾಯಿಸಿ ಬಾಗಿಸುವ ಕೆಲಸ ಇನ್ನೂ ಮೋಸದ್ದು. ಸ್ಪ್ರಿಂಗ್ ಉಕ್ಕಿಗೆ ಅದರ ಗುಣ ಬರುವುದು ಹದದಿಂದ. ಕಾರ್ಖಾನೆಯಲ್ಲಿ ಅದನ್ನು ಸುಮಾರು 850 ಡಿಗ್ರಿಗೆ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ 450–500 ಡಿಗ್ರಿಯಲ್ಲಿ ಇಟ್ಟು ಹದ ಮಾಡಿರುತ್ತಾರೆ. ಕುಲುಮೆಯಲ್ಲೋ ಗ್ಯಾಸ್ ಜ್ವಾಲೆಯಲ್ಲೋ ಕೆಂಪಗೆ ಕಾಯಿಸಿ, ಬಡಿದು, ನೀರೆರಚಿದರೆ ಆ ಹದ ಹೋಯಿತು. ಮೆತ್ತಗಾದ ಭಾಗ ಕೆಲವೇ ವಾರದಲ್ಲಿ ಮತ್ತೆ ಕೂರುತ್ತದೆ, ಪೆಡಸಾದ ಭಾಗ ಗುಂಡಿಗೆ ಬಿದ್ದ ದಿನ ಚಟ್ಟನೆ ಮುರಿಯುತ್ತದೆ. ಪ್ಲೇಟಿಗೆ ವೆಲ್ಡಿಂಗ್ ಹಾಕುವುದೂ ಅಷ್ಟೇ ಕೆಟ್ಟದ್ದು. ವೆಲ್ಡ್ ಬಿದ್ದ ಜಾಗವೇ ಬಿರುಕಿನ ಹುಟ್ಟೂರು.

ಬ್ಲಾಕ್ ವಿಷಯಕ್ಕೆ ಬರೋಣ. ಆಕ್ಸಲ್ ಮೇಲೆ ಮೂರು ಇಂಚಿನ ಬ್ಲಾಕ್ ಇಟ್ಟು ಅದರ ಮೇಲೆ ಪ್ಲೇಟ್ ಕಟ್ಟನ್ನು ಕೂರಿಸಿದರೆ ಗಾಡಿ ಮೂರು ಇಂಚು ಏರುವುದು ನಿಜ. ಆದರೆ ಆಕ್ಸಲ್ ಸುಮ್ಮನೆ ಭಾರ ಹೊತ್ತು ಕೂತಿರುವ ಕಂಬಿಯಲ್ಲ. ಏರಿನಲ್ಲಿ ಕ್ಲಚ್ ಬಿಟ್ಟಾಗ ಅದು ಒಂದು ಕಡೆಗೆ ತಿರುಚಿಕೊಳ್ಳಲು ನೋಡುತ್ತದೆ, ಬ್ರೇಕ್ ಒತ್ತಿದಾಗ ಇನ್ನೊಂದು ಕಡೆಗೆ. ಆ ತಿರುಚಾಟವನ್ನು ತಡೆಯುವುದು ಪ್ಲೇಟ್ ಕಟ್ಟು. ನಡುವೆ ಬ್ಲಾಕ್ ಬಂದರೆ ಅಷ್ಟು ಉದ್ದದ ಸನ್ನೆಗೋಲನ್ನು ನಾವೇ ಕೈಗೆ ಕೊಟ್ಟ ಹಾಗೆ. ಪ್ಲೇಟುಗಳು ಹಾವಿನಂತೆ ಡೊಂಕಾಗುತ್ತವೆ, ಯು-ಬೋಲ್ಟ್ ಹಿಗ್ಗಿ ಸಡಿಲವಾಗುತ್ತದೆ, ಒಂದರ ಮೇಲೊಂದು ಪೇರಿಸಿದ ಬ್ಲಾಕ್ ಅಥವಾ ಮರದ ತುಂಡು ಆಗಿದ್ದರೆ ಜಾರಿ ಹೊರಗೇ ಬೀಳುತ್ತದೆ. ಬ್ಲಾಕ್ ಜಾರಿದ ಕ್ಷಣ ಆ ಬದಿಯ ಆಕ್ಸಲ್ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಡ್ರೈವರ್ ಸ್ಟೀರಿಂಗ್ ನೇರ ಹಿಡಿದಿದ್ದರೂ ಗಾಡಿ ಪಕ್ಕಕ್ಕೆ ಹೊರಳುತ್ತದೆ. ಮುಂದಿನ ಆಕ್ಸಲ್‌ಗೆ ಬ್ಲಾಕ್ ಇಡುವುದಂತೂ ಮಾಡಲೇಬಾರದ ಕೆಲಸ, ಬ್ರೇಕ್ ಒತ್ತಿದಾಗ ಹೆಚ್ಚಿನ ಪೆಟ್ಟು ಬೀಳುವುದು ಅಲ್ಲಿಗೇ.

ಇದರ ಜೊತೆಗೆ ಸದ್ದಿಲ್ಲದೆ ಕೆಡುವ ಭಾಗಗಳಿವೆ. ಪ್ರೊಪೆಲ್ಲರ್ ಶಾಫ್ಟ್ ಮೊದಲಿಗಿಂತ ಇಳಿಜಾರಾಗಿ ತಿರುಗತೊಡಗುತ್ತದೆ, ಕ್ರಾಸ್ ಬೇರಿಂಗ್ ಸವೆಯುತ್ತದೆ, ಒಂದು ನಿರ್ದಿಷ್ಟ ವೇಗದಲ್ಲಿ ಸೀಟಿನ ಕೆಳಗೆ ಗುರ್ ಎನ್ನುವ ನಡುಕ ಶುರುವಾಗುತ್ತದೆ. ಹಳೆಯ ಶಾಕ್ ಅಬ್ಸಾರ್ಬರ್ ಉದ್ದ ಸಾಲದೆ ಪ್ರತಿ ಹಂಪಿಗೂ ತುದಿಗೆ ಬಡಿಯುತ್ತದೆ. ಚಾಸಿಯಿಂದ ಆಕ್ಸಲ್‌ಗೆ ಇಳಿದ ಬ್ರೇಕ್ ಹೋಸ್‌ಗೆ ಇದ್ದ ಸಡಿಲವೇ ಮುಗಿದು, ಚಕ್ರ ಗುಂಡಿಯಲ್ಲಿ ಪೂರ್ತಿ ಕೆಳಗಿಳಿದಾಗ ಬಿಗಿದು ನಿಲ್ಲುತ್ತದೆ. ಶೆಡ್ಡಿನ ಸಮತಟ್ಟು ನೆಲದ ಮೇಲೆ ನೋಡಿದರೆ ಹೋಸ್ ಸರಿಯಾಗಿಯೇ ಕಾಣುತ್ತದೆ. ಗಾಡಿಯನ್ನು ಚಾಸಿಯಿಂದ ಜಾಕ್ ಕೊಟ್ಟು ಎತ್ತಿ ಚಕ್ರ ಜೋತುಬಿಟ್ಟಾಗಲೇ ನಿಜ ಗೊತ್ತಾಗುವುದು.

ಇವೆಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು ಒಂದು ಸಣ್ಣ ಕಡ್ಡಿ. ಅನೇಕ ಸರಕು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಬೆರಳು ಗಾತ್ರದ ಒಂದು ಕಡ್ಡಿಯೋ ಸ್ಪ್ರಿಂಗೋ ಹೋಗಿರುತ್ತದೆ, ಅದರ ಮೇಲಿನ ತುದಿಯಲ್ಲಿ ಒಂದು ಪುಟ್ಟ ವಾಲ್ವ್. ಮೆಕ್ಯಾನಿಕ್‌ಗಳು ಎಲ್‌ಎಸ್‌ಪಿವಿ ಎನ್ನುತ್ತಾರೆ. ಅದರ ಕೆಲಸ ಸರಳ. ಗಾಡಿ ಖಾಲಿ ಇದ್ದಾಗ ಚಾಸಿ ಮೇಲಿರುತ್ತದೆ, ಹಿಂದಿನ ಚಕ್ರಗಳ ಮೇಲೆ ಭಾರ ಕಡಿಮೆ, ಜೋರಾಗಿ ಬ್ರೇಕ್ ಬಿದ್ದರೆ ಅವು ಲಾಕ್ ಆಗಿ ಗಾಡಿ ಗಿರಕಿ ಹೊಡೆಯುತ್ತದೆ. ಅದಕ್ಕೆ ವಾಲ್ವ್ ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ತಗ್ಗಿಸುತ್ತದೆ. ಲೋಡ್ ಬಿದ್ದು ಚಾಸಿ ಕೆಳಗಿಳಿದರೆ ಕಡ್ಡಿ ತಳ್ಳಿ ವಾಲ್ವ್ ತೆರೆದು, ಹಿಂದಿನ ಬ್ರೇಕಿಗೆ ಪೂರ್ತಿ ಒತ್ತಡ ಸಿಗುತ್ತದೆ. ಅಂದರೆ ಹೊರೆ ಎಷ್ಟಿದೆ ಎಂದು ಬ್ರೇಕಿಗೆ ಗೊತ್ತಾಗುವುದೇ ಚಾಸಿ ಎಷ್ಟು ಕೂತಿದೆ ಎಂಬುದರಿಂದ.

ಈಗ ಎರಡು ಪ್ಲೇಟ್ ಏರಿಸಿದ ಗಾಡಿಯನ್ನು ನೆನೆಯಿರಿ. ಎರಡು ಟನ್ ತುಂಬಿದರೂ ಚಾಸಿ ಕೂರುವುದಿಲ್ಲ. ವಾಲ್ವಿನ ಮಟ್ಟಿಗೆ ಗಾಡಿ ಇನ್ನೂ ಖಾಲಿ. ಹಿಂದಿನ ಚಕ್ರಗಳಿಗೆ ಬ್ರೇಕ್ ಅತ್ಯಂತ ಹೆಚ್ಚು ಬೇಕಾದ ಹೊತ್ತಿನಲ್ಲೇ ಒತ್ತಡ ಕಡಿಮೆ ಬರುತ್ತದೆ. ಮುಂದಿನ ಬ್ರೇಕುಗಳೇ ಇಡೀ ಕೆಲಸ ಹೊರಬೇಕು. ಘಾಟಿ ಇಳಿಯುವಾಗ ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ. ‘ಬ್ರೇಕ್ ಹಿಡೀತಿಲ್ಲ’ ಎಂದು ಡ್ರೈವರ್ ದೂರಿದರೆ ಶೆಡ್ಡಿನಲ್ಲಿ ಇನ್ನೊಂದು ಜುಗಾಡ್ ಕಾದಿರುತ್ತದೆ. ಆ ಕಡ್ಡಿಯನ್ನು ತಂತಿಯಿಂದ ಬಿಗಿದು ವಾಲ್ವನ್ನು ಸದಾ ತೆರೆದಿಡುವುದು. ಹೀಗೆ ಮಾಡಿದ ಮೇಲೆ ಖಾಲಿ ಗಾಡಿ ಮಳೆಯ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಹಿಂಭಾಗ ಮುಂದಕ್ಕೆ ಬರಲು ಹೊರಡುತ್ತದೆ. ಒಂದು ತಪ್ಪನ್ನು ಮುಚ್ಚಲು ಇನ್ನೊಂದು ತಪ್ಪು, ಎರಡಕ್ಕೂ ಬಿಲ್ ಇಲ್ಲ, ಗ್ಯಾರಂಟಿಯೂ ಇಲ್ಲ.

ಪಲ್ಟಿಯ ಲೆಕ್ಕವನ್ನೂ ನೋಡಿಬಿಡೋಣ. ತಿರುವಿನಲ್ಲಿ ಗಾಡಿ ಮಗುಚುತ್ತದೋ ಇಲ್ಲವೋ ಎಂಬುದನ್ನು ಮೊದಲು ನಿರ್ಧರಿಸುವುದು ಎರಡು ಅಳತೆ. ಎಡ-ಬಲ ಚಕ್ರಗಳ ನಡುವಿನ ಅಗಲ ಒಂದು, ಗುರುತ್ವ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು ಇನ್ನೊಂದು. ಅಗಲವನ್ನು ಎತ್ತರದ ಎರಡು ಪಟ್ಟಿನಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವಾಹನಗಳ ಪಲ್ಟಿ ಅಪಾಯ ಅಳೆಯಲು ಬಳಸುತ್ತದೆ. ಸಂಖ್ಯೆ ದೊಡ್ಡದಿದ್ದಷ್ಟೂ ಒಳ್ಳೆಯದು. ಉದಾಹರಣೆಗೆ ಚಕ್ರಗಳ ಅಗಲ 1.4 ಮೀಟರ್, ಲೋಡ್ ಗಾಡಿಯ ಗುರುತ್ವ ಕೇಂದ್ರ 1.1 ಮೀಟರ್ ಎಂದಿಟ್ಟುಕೊಳ್ಳಿ. ಸಂಖ್ಯೆ 0.64. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆಯಲ್ಲ, ಅಂಥ 15 ಮೀಟರ್ ತ್ರಿಜ್ಯದ ಒಂದು ತಿರುವಿನಲ್ಲಿ ಈ ಗಾಡಿ ಲೆಕ್ಕದ ಪ್ರಕಾರ ಗಂಟೆಗೆ 35 ಕಿ.ಮೀ. ದಾಟಿದರೆ ಒಳಬದಿಯ ಚಕ್ರ ನೆಲ ಬಿಡುತ್ತದೆ. 10 ಸೆಂ.ಮೀ. ಎತ್ತಿಸಿದರೆ ಆ ಮಿತಿ 33ಕ್ಕೆ ಇಳಿಯುತ್ತದೆ. ಎತ್ತಿಸಿದ ಧೈರ್ಯದಲ್ಲಿ ಮೇಲೊಂದು ಸಾಲು ಬಾಕ್ಸ್ ಹೇರಿ ಗುರುತ್ವ ಕೇಂದ್ರ 1.35 ಮೀಟರಿಗೆ ಏರಿದರೆ 31.

ಬರೀ ನಾಲ್ಕು ಕಿ.ಮೀ. ತಾನೇ ಎನ್ನಿಸಬಹುದು. ಅಪಾಯವಿರುವುದೇ ಅಲ್ಲಿ. ಇಪ್ಪತ್ತು ಕಿ.ಮೀ. ವ್ಯತ್ಯಾಸವಿದ್ದರೆ ಯಾವ ಡ್ರೈವರಿಗಾದರೂ ಕೈಗೆ ಗೊತ್ತಾಗುತ್ತದೆ. ನಾಲ್ಕು ಕಿ.ಮೀ. ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಅದೇ ತಿರುವನ್ನು ಅದೇ ಗೇರಿನಲ್ಲಿ ಇಳಿದ ಅಭ್ಯಾಸ ಈಗ ಮಿತಿಯ ಆಚೆಗೆ ಒಯ್ಯುತ್ತದೆ. ಮೇಲಿನ ಲೆಕ್ಕವಾದರೂ ಗಾಡಿ ಕಲ್ಲಿನಂತೆ ಗಟ್ಟಿ ಎಂದು ಭಾವಿಸಿ ಮಾಡಿದ್ದು. ನಿಜದಲ್ಲಿ ಟೈರು ಅದುಮಿಕೊಳ್ಳುತ್ತದೆ, ಬಾಡಿ ವಾಲುತ್ತದೆ, ಹಗ್ಗ ಸಡಿಲವಾಗಿ ಬಾಕ್ಸು ಸರಿಯುತ್ತದೆ, ಮಿತಿ ಇನ್ನೂ ಕೆಳಗಿಳಿಯುತ್ತದೆ. ಉದ್ದನೆಯ ಶ್ಯಾಕಲ್ ಹಾಕಿದ್ದರೆ ಅಡ್ಡಡ್ಡ ತೂಗಾಟ ಬೇರೆ. ಇನ್ನು ಕೂಲಿಗೆ ಹೋಗುವವರನ್ನು ಇದೇ ಗಾಡಿಗಳ ಹಿಂದೆ ನಿಲ್ಲಿಸಿಕೊಂಡು ಹೋಗುವ ರೂಢಿ ನಮ್ಮಲ್ಲಿ ಇನ್ನೂ ಇದೆ. ನಿಂತ ಮನುಷ್ಯರ ಭಾರ ಬಾಕ್ಸಿಗಿಂತ ಎತ್ತರದಲ್ಲಿರುತ್ತದೆ, ತಿರುವು ಬಂದಾಗ ಎಲ್ಲರೂ ಒಂದೇ ಬದಿಗೆ ವಾಲುತ್ತಾರೆ. ಸರಕು ಗಾಡಿಯಲ್ಲಿ ಜನರನ್ನು ಹೇರುವುದೇ ತಪ್ಪು, ಎತ್ತಿಸಿದ ಗಾಡಿಯಲ್ಲಿ ಹೇರುವುದು ಎರಡು ಪಟ್ಟು ತಪ್ಪು.

ರಾತ್ರಿಯ ಬೆಳಕೂ ಎತ್ತರದ ಲೆಕ್ಕಕ್ಕೆ ಸಿಕ್ಕಿಕೊಂಡಿದೆ. ನೆಲದಿಂದ 80 ಸೆಂ.ಮೀ. ಎತ್ತರದ ಹೆಡ್‌ಲೈಟಿನ ಡಿಮ್ ಬೆಳಕನ್ನು 100ಕ್ಕೆ 1ರ ಇಳಿಜಾರಿನಲ್ಲಿ ಕೂರಿಸಿದ್ದರೆ ಅದರ ಮೇಲಂಚು 80 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಮುಂದಿನ-ಹಿಂದಿನ ಚಕ್ರಗಳ ನಡುವೆ 3 ಮೀಟರ್ ಇರುವ ಗಾಡಿಯ ಹಿಂಭಾಗವನ್ನು ಏಳೂವರೆ ಸೆಂ.ಮೀ. ಎತ್ತಿದರೆ ಇಳಿಜಾರು 3.5ಕ್ಕೆ ಏರಿ, ಬೆಳಕು 23 ಮೀಟರಿಗೇ ಮುಗಿಯುತ್ತದೆ. ಖಾಲಿ ಗಾಡಿ 60 ಕಿ.ಮೀ. ವೇಗದಲ್ಲಿ ಬರುತ್ತಿದ್ದರೆ ಆ ದೂರ ಒಂದೂವರೆ ಸೆಕೆಂಡಿನೊಳಗೆ ಕಾಲ ಕೆಳಗೆ. ಅದಕ್ಕೇ ಡ್ರೈವರ್ ಸದಾ ಹೈಬೀಮ್ ಹಾಕಿಕೊಂಡೇ ಬರುತ್ತಾನೆ, ಎದುರಿನ ಬೈಕಿನವನ ಕಣ್ಣು ಕತ್ತಲಾಗುತ್ತದೆ.

ಮುಂಭಾಗ ಎತ್ತಿಸುವವರದು ಇನ್ನೊಂದು ಲೋಕ. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥ ಗಾಡಿಗಳನ್ನು ಶೋಕಿಗೆ ಕೊಂಡವರು ದೊಡ್ಡ ಟೈರಿಗೆ ಜಾಗ ಮಾಡಲು ಮುಂದಿನ ಸ್ಪ್ರಿಂಗ್ ಮೇಲೆ ಸ್ಪೇಸರ್ ಕೂರಿಸುತ್ತಾರೆ. ಅಳತೆ ನೋಡಿ ತಯಾರಿಸಿದ ಕಿಟ್ ಬೇರೆ, ಲೇತ್ ಅಂಗಡಿಯಲ್ಲಿ ಪೈಪ್ ತುಂಡು ಕಡಿಸಿ ತಂದ ಬಳೆ ಬೇರೆ. ಎರಡನೆಯದರಲ್ಲಿ ಬಾಲ್ ಜಾಯಿಂಟ್ ತನ್ನ ಮಿತಿ ಮೀರಿ ಬಾಗುತ್ತದೆ, ಫೋರ್ ವೀಲ್ ಗಾಡಿಯಾದರೆ ಮುಂದಿನ ಡ್ರೈವ್ ಶಾಫ್ಟಿನ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲುತ್ತದೆ, ಅಲೈನ್‌ಮೆಂಟ್ ಎಷ್ಟು ಮಾಡಿಸಿದರೂ ಕೂರುವುದಿಲ್ಲ. ಇಂಥ ಗಾಡಿಗಳಲ್ಲಿರುವ ಸ್ಥಿರತೆ ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಹೊಂದಿಸಿರುವುದು ಕಂಪನಿಯ ಎತ್ತರಕ್ಕೆ, ನಮ್ಮ ಎತ್ತರಕ್ಕಲ್ಲ.

ಈ ಶೋಕಿಯ ತವರು ಅಮೆರಿಕ. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಪಿಕಪ್‌ನ ಮುಂಭಾಗ ಎತ್ತಿಸಿ ಹಿಂಭಾಗ ತಗ್ಗಿಸುವ ‘ಕೆರೊಲೈನಾ ಸ್ಕ್ವಾಟ್’ ಎಂಬ ಹುಚ್ಚು ಹಬ್ಬಿತು. ಬಾನೆಟ್ಟಿನ ಮುಂದೆ ನಿಂತ ಮಗು ಕಾಣದು, ಹೆಡ್‌ಲೈಟ್ ಎದುರಿನವರ ಮುಖಕ್ಕೇ ಬೀಳುತ್ತದೆ. ನಾರ್ತ್ ಕೆರೊಲೈನಾದಲ್ಲಿ 2021ರ ಡಿಸೆಂಬರ್‌ನಿಂದ, ಮುಂದಿನ ಫೆಂಡರ್ ಹಿಂದಿನದಕ್ಕಿಂತ 4 ಇಂಚು ಅಥವಾ ಹೆಚ್ಚು ಎತ್ತರವಿರುವಂತೆ ಮಾರ್ಪಡಿಸಿದ ಗಾಡಿ ರಸ್ತೆಗಿಳಿಯುವಂತಿಲ್ಲ. 2022ರಲ್ಲಿ ವರ್ಜೀನಿಯಾ, 2023ರಲ್ಲಿ ಸೌತ್ ಕೆರೊಲೈನಾ ಇದೇ ದಾರಿ ಹಿಡಿದವು. ಮಾರ್ಪಾಡಿನ ಸ್ವಾತಂತ್ರ್ಯವನ್ನು ಅಷ್ಟೊಂದು ಮೆಚ್ಚುವ ದೇಶವೂ ಇಲ್ಲಿ ಗೆರೆ ಎಳೆಯಬೇಕಾಯಿತು.

ನಮ್ಮಲ್ಲಿ ಗೆರೆ ಮೊದಲೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ನಿಗದಿಪಡಿಸಿದ್ದಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳ ಹೈಕೋರ್ಟಿನ ಆದೇಶವೊಂದನ್ನು ತಳ್ಳಿಹಾಕುತ್ತ ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಮುರಿದ ಪ್ಲೇಟ್ ತೆಗೆದು ಅದೇ ಅಳತೆಯದನ್ನು ಹಾಕಿಸುವುದು ರಿಪೇರಿ, ಅದಕ್ಕೆ ಯಾರ ತಕರಾರೂ ಇಲ್ಲ. ಚಾಸಿಯ ಎತ್ತರವನ್ನೇ ಬದಲಿಸುವ ಕೆಲಸಕ್ಕೆ ಆ ರಕ್ಷಣೆ ಇಲ್ಲ. ಅಪಘಾತವಾದ ಮೇಲೆ ಸರ್ವೇಯರ್ ಗಾಡಿಯ ಕೆಳಗೆ ಬಗ್ಗಿ ನೋಡಿದಾಗ ಆ ಬ್ಲಾಕೇ ಸಾಕ್ಷಿ. ಕ್ಲೇಮ್ ತಿರಸ್ಕರಿಸಲು ವಿಮಾ ಕಂಪನಿಗೆ ಬೇರೆ ನೆಪ ಬೇಕಿಲ್ಲ.

ಹಾಗಾದರೆ ಕೂತ ಗಾಡಿಗೆ ಏನು ಮಾಡಬೇಕು? ಮೊದಲು ಅದು ಯಾವಾಗ ಕೂರುತ್ತದೆ ನೋಡಿ. ಖಾಲಿ ಇದ್ದಾಗಲೂ ಒಂದು ಬದಿ ಅಥವಾ ಹಿಂಭಾಗ ಕೂತಿದ್ದರೆ ಪ್ಲೇಟ್ ದಣಿದಿದೆ ಅಥವಾ ಮುರಿದಿದೆ ಎಂದರ್ಥ. ಕಂಪನಿ ಅಳತೆಯ ಹೊಸ ಕಟ್ಟು ಹಾಕಿಸಿ, ಎರಡೂ ಬದಿಗೆ ಒಟ್ಟಿಗೇ ಹಾಕಿಸಿ. ಯು-ಬೋಲ್ಟ್ ಹಳೆಯದನ್ನೇ ಮತ್ತೆ ಬಿಗಿಯಲು ಬಿಡಬೇಡಿ, ಒಮ್ಮೆ ಹಿಗ್ಗಿದ್ದು ಮತ್ತೆ ಹಿಡಿತ ಕೊಡುವುದಿಲ್ಲ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಒಮ್ಮೆ ಟಾರ್ಕ್ ಪಾನಾದಲ್ಲಿ ಬಿಗಿ ನೋಡಿಸಿ. ವಾಲ್ವಿನ ಕಡ್ಡಿಗೆ ತಂತಿ ಸುತ್ತಿದ್ದರೆ ಅಂದೇ ಬಿಚ್ಚಿಸಿ, ಕಂಪನಿ ಕೈಪಿಡಿಯ ಅಳತೆಗೆ ಕೂರಿಸಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಬಣ್ಣಕ್ಕೂ ಟೈರಿಗೂ ಮೊದಲು ಪ್ಲೇಟುಗಳನ್ನು ಎಣಿಸಬೇಕು. ನಡುವೆ ಬೇರೆ ದಪ್ಪದ್ದು, ಬೇರೆ ಬಣ್ಣದ್ದು, ವೆಲ್ಡಿಂಗ್ ಗುರುತಿನದು ಕಂಡರೆ ಆ ಗಾಡಿ ಹೇಗೆ ದುಡಿದಿದೆ ಎಂಬುದು ಅಲ್ಲೇ ಬರೆದಿದೆ.

ಲೋಡ್ ಹಾಕಿದಾಗ ಮಾತ್ರ ಕೂರುವುದಾದರೆ ರೋಗ ಪ್ಲೇಟಿನದಲ್ಲ, ಲೆಕ್ಕದ್ದು. ಆರ್‌ಸಿಯಲ್ಲಿ ಒಟ್ಟು ತೂಕ, ಖಾಲಿ ತೂಕ ಎರಡೂ ಇವೆ. ಕಳೆದರೆ ಉಳಿಯುವುದೇ ಹೊರಬಹುದಾದ ಭಾರ, ಅದರಲ್ಲಿ ಜನರ ತೂಕವೂ ಸೇರಿದೆ. ಕೋಲಾರದ ಟೊಮೆಟೊ ಬಾಕ್ಸ್ 15 ಕೆ.ಜಿ. ಲೆಕ್ಕದ್ದು. 1.3 ಟನ್ ಹೊರುವ ಗಾಡಿಗೆ ಖಾಲಿ ಕ್ರೇಟಿನ ತೂಕ ಬಿಟ್ಟರೂ 86 ಬಾಕ್ಸಿಗೆ ಮಿತಿ ಮುಗಿಯಿತು. 130 ಹೇರಿದರೆ ಅರ್ಧದಷ್ಟು ಹೆಚ್ಚು. ಪ್ಲೇಟ್ ಏರಿಸಿದಾಗ ಆಕ್ಸಲ್ ಬೇರಿಂಗ್ ಬದಲಾಗಲಿಲ್ಲ, ಬ್ರೇಕ್ ಡ್ರಮ್ ದೊಡ್ಡದಾಗಲಿಲ್ಲ, ಟೈರಿನ ಮೇಲೆ ಅಚ್ಚಾದ ಭಾರದ ಮಿತಿ ಅಳಿಸಿಹೋಗಲಿಲ್ಲ. ಎರಡು ಟನ್ ಹೊರುವ ಕೆಲಸವೇ ದಿನಾ ಇದ್ದರೆ ಅಷ್ಟು ಹೊರುವಂತೆ ತಯಾರಾದ ಗಾಡಿಯನ್ನೇ ಕೊಳ್ಳಬೇಕು, ಇಲ್ಲವೇ ಎರಡು ಟ್ರಿಪ್ ಹೊಡೆಯಬೇಕು. ದುಬಾರಿ ಮಾತು, ಒಪ್ಪುತ್ತೇನೆ. ಅದಕ್ಕೇ ಈ ಮಾತು ಡ್ರೈವರಿಗೆ ಮಾತ್ರ ಹೇಳಿದರೆ ಸಾಲದು.

ಬಾಕ್ಸ್ ಎಷ್ಟು ಹೇರಬೇಕೆಂದು ತೀರ್ಮಾನಿಸುವವನು ಎಷ್ಟೋ ಸಲ ಸ್ಟೀರಿಂಗ್ ಹಿಡಿದವನಲ್ಲ. ಮಂಡಿಯವನು ಟ್ರಿಪ್ ಲೆಕ್ಕದಲ್ಲಿ ಬಾಡಿಗೆ ಕೊಡುತ್ತಾನೆ, ಹೆಚ್ಚು ಹೇರಿದಷ್ಟೂ ಅವನಿಗೆ ಲಾಭ. ದಂಡ, ಜೈಲು, ಆಸ್ಪತ್ರೆ ಮೂರೂ ಗಾಡಿಯವನ ಪಾಲಿಗೆ. ಬಾಡಿಗೆ ಟನ್ ಲೆಕ್ಕದಲ್ಲಿ ನಿಗದಿಯಾಗಿ, ಎಪಿಎಂಸಿ ಗೇಟಿನಿಂದ ಹೊರಡುವ ಪ್ರತಿ ಗಾಡಿಯ ತೂಕದ ಚೀಟಿಯ ಮೇಲೆ ಸರಕು ಹೇರಿಸಿದವನೂ ಸಹಿ ಹಾಕಬೇಕೆಂದಾದರೆ, ಪ್ಲೇಟ್ ಏರಿಸುವ ಶೆಡ್ಡುಗಳಿಗೆ ಅರ್ಧ ಗಿರಾಕಿ ತಾವಾಗಿಯೇ ಕಡಿಮೆಯಾಗುತ್ತಾರೆ. ಆರ್‌ಟಿಒ ತಪಾಸಣೆಯಲ್ಲೂ ಹಾರ್ನ್, ಇಂಡಿಕೇಟರ್ ನೋಡಿದಷ್ಟೇ ಶ್ರದ್ಧೆಯಿಂದ ಗಾಡಿಯ ಕೆಳಗಿನ ಪ್ಲೇಟ್ ಎಣಿಸುವ ಕೆಲಸ ನಡೆಯಲಿ. ಅಲ್ಲಿಯವರೆಗೆ, ಹಿಂದೆ ಕೂತ ಗಾಡಿಯನ್ನು ಎತ್ತಿಸಲು ಹೊರಟವರು ಮೇಸ್ತ್ರಿಯನ್ನು ಒಂದೇ ಪ್ರಶ್ನೆ ಕೇಳಲಿ: ‘ಗಾಡಿ ಎತ್ತಿ ಕೊಡ್ತೀರಿ ಸರಿ, ಬ್ರೇಕಿಗೆ ಏನು ಮಾಡ್ತೀರಿ?’ ಅವರು ಉತ್ತರ ಹುಡುಕುವಷ್ಟರಲ್ಲಿ ಹತ್ತು ಬಾಕ್ಸ್ ಕೆಳಗಿಳಿಸಿದರೂ ಆದೀತು.